ಇಪ್ಪತ್ತಮೂರನೆಯ ತಿಂಗಳು

ಗೂಲ್, ಯಾರ್ಕ್‌ಷೈರ್
೯ ಮಾರ್ಚ್ ೨೦೧೨

ಪ್ರೀತಿಯ ಎಮ್ರಿಸ್,

ನಿನಗೆ ಫೋನ್ ಮಾಡುವುದೂ ಒಂದೇ, ಅಡುಗೆಮನೆಯ ಗೋಡೆಯ ಜೊತೆ ಮಾತಾಡುವುದೂ ಒಂದೇ. ಮೂವತ್ತು ವರ್ಷ ಕಂಪ್ರೆಸರ್ ಪಕ್ಕದಲ್ಲಿ ನಿಂತು ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಕಳೆದುಕೊಂಡವನಿಗೆ ಕಾಗದವೇ ಸರಿ. ಮಿಲ್ಫರ್ಡ್ ಹೇವನ್‌ನಲ್ಲಿ ಹೊಸ ಕೆಲಸ ಹಿಡಿದು ಎರಡು ವಾರವಾಯಿತು, ತಲುಪಿದೆ ಎಂದು ಒಂದು ಸಾಲು ಬರೆಯಬೇಕು ಅನಿಸಲಿಲ್ಲವೇ ನಿನಗೆ? ತವರಿಗೆ ಹೋದ ವೆಲ್ಷ್‌ಮನ್‌ಗೆ ನಮ್ಮ ನೆನಪೆಲ್ಲಿ.

ಇಲ್ಲಿ ಐಲೀನ್‌ಗೆ ನಮ್ಮ ಕೆಲಸದ ವ್ಯವಸ್ಥೆಯನ್ನು ಮೂವತ್ತನೆಯ ಸಲ ವಿವರಿಸಿದೆ. ನಾವು ಮೀಟರ್ ರಿಪೇರಿ ಮಾಡುವುದು ಇಮಿಂಗ್‌ಹ್ಯಾಮ್‌ನ ಸ್ಥಾವರದಲ್ಲಿ, ಆದರೆ ಕಾಗದದ ಮೇಲೆ ನಾವು ಅಲ್ಲಿಯ ನೌಕರರಲ್ಲ, ನಮ್ಮಂಥ ಗುತ್ತಿಗೆಯವರನ್ನೆಲ್ಲ ಒಂದೇ ಕೊಡೆಯಡಿ ಇಟ್ಟುಕೊಳ್ಳುವ ಕ್ವೇಲ್‌ಬೆಕ್ ಎಂಬ ಛತ್ರಿ ಕಂಪನಿಯ ನೌಕರರು. ಸಂಬಳ ಕೊಡುವುದು ಅವರು, ತೆರಿಗೆ ಹಿಡಿಯುವುದೂ ಅವರು. ಮನೆಯಿಂದ ಕೆಲಸಕ್ಕೆ ಕಾರು ಓಡಿಸಿದ್ದಕ್ಕೆ ಮೈಲಿಗೆ ಇಷ್ಟು ಎಂದು ತೆರಿಗೆಯಿಲ್ಲದೆ ಬರುತ್ತದೆ. ಆದರೆ ಅದು ತಾತ್ಕಾಲಿಕ ಜಾಗವಾಗಿದ್ದರೆ ಮಾತ್ರ. ಇಪ್ಪತ್ತನಾಲ್ಕು ತಿಂಗಳು ದಾಟುತ್ತೇನೆ ಎಂದು ನಿನಗೆ ಗೊತ್ತಾದ ದಿನವೇ ಅದು ಕಾಯಂ ಜಾಗ, ಅವತ್ತಿಗೇ ಮೈಲಿ ಬಂದ್. ಇಷ್ಟು ಹೇಳುವಷ್ಟರಲ್ಲಿ ಐಲೀನ್ ಕೇಳಿದಳು, "ಹಾಗಾದ್ರೆ ನಿಮಗೆ ಗೊತ್ತೇ ಆಗ್ದಿದ್ರೆ?" ನಾನಂದೆ, "ಅದೇ ಕಣೇ ನಮ್ಮ ಕಸುಬು. ಗೊತ್ತಾಗದೇ ಇರೋದು."

ಬಾರ್ನಿ ಆ ಜೆರೇನಿಯಂ ಕುಂಡ ಎಸೆದದ್ದು ನೆನಪಿದೆಯಾ? ಸ್ಟೋರ್ ನೋಡುವ ಮನುಷ್ಯ, ತನಗೆ ಸಂಬಂಧವೇ ಇಲ್ಲ, ಆದರೂ ಆ ಹೊಸ ಹುಡುಗಿ ಕ್ಯಾಬಿನ್ ಕಿಟಕಿಯಲ್ಲಿ ಗಿಡ ಇಟ್ಟಾಗ ಹೌಹಾರಿಬಿಟ್ಟ. "ಬೇರು ಬಿಡೋದನ್ನೆಲ್ಲ ಇಲ್ಲಿ ಇಡ್ಬೇಡ ತಾಯಿ! ತೆರಿಗೆಯೋರು ನೋಡಿದ್ರೆ ಇವ್ರೆಲ್ಲ ಇಲ್ಲೇ ಸಂಸಾರ ಹೂಡಿದಾರೆ ಅಂತಾರೆ." ಎರಡು ವರ್ಷ ಆ ಕ್ಯಾಬಿನ್ನಿನಲ್ಲಿ ಯಾರ ಬಾಯಲ್ಲೂ 'ಮುಂದಿನ ವರ್ಷ' ಎಂಬ ಮಾತು ಬರಲಿಲ್ಲ. ಇಪ್ಪತ್ತಮೂರನೆಯ ತಿಂಗಳಿಗೆ ಎಲ್ಲರ ಹಾಗೆ ನಾವೂ ಟೂಲ್‌ಬಾಕ್ಸ್ ಎತ್ತಿಕೊಂಡು ಹೊರಬಿದ್ದೆವು.

ವಿಷಯಕ್ಕೆ ಬರುತ್ತೇನೆ. ಛತ್ರಿ ಕಂಪನಿ ಬಿಡುವಾಗ ಬಾಕಿ ಮೈಲಿಗಳನ್ನೆಲ್ಲ ಕೊನೆಯ ಸಂಬಳಕ್ಕೆ ಮುಂಚೆ ಬರೆದುಕೊಡಬೇಕಲ್ಲ, ಆಮೇಲೆ ಫೈಲು ಮುಚ್ಚಿದರೆ ಮುಗಿಯಿತು. ನಾನು ಆಗಸ್ಟಿನಿಂದ ಒಂದು ಮೈಲಿಯೂ ಬರೆದುಕೊಟ್ಟಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರ್ ನೋಡಿ ಏಳು ತಿಂಗಳದ್ದು ಒಟ್ಟಿಗೆ ಕಳಿಸಿದೆ. ಏನೂ ಸದ್ದಿಲ್ಲ. ನಿನ್ನದು ವಾರಕ್ಕೇ ಇತ್ಯರ್ಥವಾಯಿತಂತೆ, ಬಾರ್ನಿ ಹೇಳಿದ. ನಿನ್ನದು ಮಾತ್ರ ಯಾಕೆ ಅಷ್ಟು ಬೇಗ? ಏನು ಮಂತ್ರ ಹಾಕಿದೆ?

ವಿದರ್ನ್‌ಸೀ ಕಡಲ ದಂಡೆಯ ಆ ಕ್ಯಾರವಾನ್‌ಗೆ, ರಜೆ ಕಳೆಯಲು ಎಂದು ನೋಡಿಟ್ಟ ಆ ಗಾಡಿಮನೆಗೆ, ಮುಂಗಡ ಕೊಟ್ಟಾಗಿದೆ. ಉಳಿದದ್ದು ಈ ಕೊನೆಯ ಸಂಬಳದಲ್ಲಿ. ಐಲೀನ್ ಆಗಲೇ ಕರ್ಟನ್ ಹೊಲಿಯುತ್ತಿದ್ದಾಳೆ.

ನಿನ್ನ
ಕ್ಲಿಫ್

---

ಮಿಲ್ಫರ್ಡ್ ಹೇವನ್
೧೭ ಮಾರ್ಚ್ ೨೦೧೨

ಪ್ರೀತಿಯ ಕ್ಲಿಫ್,

ಬರೆಯಲಿಲ್ಲ, ತಪ್ಪಾಯಿತು. ಇಲ್ಲಿ ನನಗೆ ರೂಮು ಕೊಟ್ಟಿರುವ ಮಿಸೆಸ್ ಹ್ಯಾವರ್ಡ್ ಬೆಳಗಿನ ತಿಂಡಿಗೆ ಕಡಲಪಾಚಿ ಬೇಯಿಸಿ ಹಾಕುತ್ತಾಳೆ. ನಾನು ಇದನ್ನೇ ತಿಂದು ಬೆಳೆದವನು ಎಂದು ಅವಳ ನಂಬಿಕೆ. ಹತ್ತೊಂಬತ್ತು ವರ್ಷ ನಿನ್ನ ಜೊತೆ ಬೇಕನ್ ಸ್ಯಾಂಡ್‌ವಿಚ್ ತಿಂದು ಕೆಟ್ಟಿದ್ದೇನೆ ಎಂದು ಹೇಳುವ ಧೈರ್ಯ ಬಂದಿಲ್ಲ.

ಮಂತ್ರ ಏನೂ ಇಲ್ಲ. ನಾನು ತಿಂಗಳು ತಿಂಗಳೂ ಬರೆದುಕೊಡುತ್ತಿದ್ದೆ, ನೀನು ಕೊಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಆದರೂ ನನ್ನನ್ನೂ ಒಂದು ಪ್ರಶ್ನೆ ಕೇಳಿದರು. ಡಿಲಿಸ್ ನನ್ನನ್ನು, ಕಟ್ಟಿಕೊಂಡ ಗಂಡನನ್ನು, ಮನೆಯಿಂದ ಹೊರಗೆ ಹಾಕಿದ ಮೇಲೆ ನಾನು ಹೌಡನ್‌ನಲ್ಲಿ ಬಾಡಿಗೆ ಮನೆ ಹಿಡಿದೆನಲ್ಲ, ದಿನಾ ಬೆಳಿಗ್ಗೆ ಹೊರಟದ್ದು ಅಲ್ಲಿಂದಲೇ ಎನ್ನುವುದಕ್ಕೆ ದಾಖಲೆ ಬೇಕಂತೆ. ಮನೆ ಏಜೆಂಟ್ ಕೊಟ್ಟಿದ್ದ ಕಂದು ಲಕೋಟೆ ಡ್ರಾಯರಿನಲ್ಲಿತ್ತು. ಬಿಚ್ಚಿ ಓದುವ ಮನಸ್ಸಾಗಲಿಲ್ಲ, ಆ ದಿನಗಳು ಗೊತ್ತಲ್ಲ ನಿನಗೆ. ಇಡೀ ಲಕೋಟೆಯನ್ನು ಹಾಗೆಯೇ ಅಂಚೆಗೆ ಹಾಕಿದೆ. ಮೂರನೆಯ ದಿನ ದುಡ್ಡು ಬಂತು.

ನಿನ್ನದೂ ಬರುತ್ತದೆ. ಕರ್ಟನ್ ಯಾವ ಬಣ್ಣ? ಹಸಿರು ಬೇಡ ಎಂದು ಹೇಳು, ಕ್ಯಾರವಾನ್‌ನಲ್ಲಿ ಹಸಿರು ಕರ್ಟನ್ ಹಾಕಿದರೆ ಒಳಗೆ ಕೂತವರೆಲ್ಲ ಕಾಯಿಲೆಯವರ ಹಾಗೆ ಕಾಣುತ್ತಾರೆ.

ನಿನ್ನ
ಎಮ್ರಿಸ್

---

ಕ್ವೇಲ್‌ಬೆಕ್ ಸರ್ವಿಸಸ್
ವೆಚ್ಚ ಪರಿಶೀಲನಾ ವಿಭಾಗ, ಡಾಂಕಾಸ್ಟರ್
೨೭ ಮಾರ್ಚ್ ೨೦೧೨

ಮಾನ್ಯ ಶ್ರೀ ರೇಸ್ಟ್ರಿಕ್ ಅವರಿಗೆ,

ತಾವು ನಮ್ಮ ಕಂಪನಿಯನ್ನು ಬಿಡುವ ಸಂದರ್ಭದಲ್ಲಿ ಸಲ್ಲಿಸಿದ ಪ್ರಯಾಣ ವೆಚ್ಚದ ಮನವಿಯನ್ನು ಪರಿಶೀಲಿಸಲಾಗಿದೆ.

ತಾವು ೨೦೧೨ರ ಕೊನೆಯವರೆಗೆ ಇದೇ ಸ್ಥಳದಲ್ಲಿ ಕೆಲಸದಲ್ಲಿರುವ ನಿರೀಕ್ಷೆಯನ್ನು ೨೦೧೦ರ ಅಕ್ಟೋಬರ್ ಹದಿನಾಲ್ಕರಷ್ಟು ಹಿಂದೆಯೇ ಹೊಂದಿದ್ದಿರಿ ಎಂಬುದನ್ನು ತೋರಿಸುವ ದಾಖಲೆಯೊಂದು ನಮ್ಮ ಗಮನಕ್ಕೆ ಬಂದಿದೆ. ತಾವು ವಾಸ್ತವದಲ್ಲಿ ಇಪ್ಪತ್ತನಾಲ್ಕು ತಿಂಗಳಿಗೆ ಮುಂಚೆಯೇ ಹೊರಟಿದ್ದರೂ ನಿಯಮವು ನೋಡುವುದು ನಿರೀಕ್ಷೆಯನ್ನು. ಆದ್ದರಿಂದ ಆ ದಿನಾಂಕದ ನಂತರದ ಯಾವ ಪ್ರಯಾಣಕ್ಕೂ ತಾವು ಅರ್ಹರಲ್ಲ. ಬಾಕಿ ಮನವಿಯನ್ನು ತಿರಸ್ಕರಿಸಲಾಗಿದೆ. ಆ ದಿನದಿಂದ ಈಗಾಗಲೇ ಕೊಟ್ಟಿರುವ ಮೊತ್ತವನ್ನು ತಮ್ಮ ಕೊನೆಯ ಸಂಬಳದಿಂದ ಹಿಡಿದುಕೊಳ್ಳಲಾಗುವುದು.

ಸದರಿ ದಾಖಲೆಯು ಬೇರೊಬ್ಬ ನೌಕರರ ಕಡತದಲ್ಲಿ ಇರುವುದರಿಂದ ಅವರ ಒಪ್ಪಿಗೆಯಿಲ್ಲದೆ ತಮಗೆ ತೋರಿಸಲು ಬರುವುದಿಲ್ಲ. ಆಕ್ಷೇಪಣೆ ಇದ್ದರೆ ಇಪ್ಪತ್ತೆಂಟು ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಬಹುದು.

ತಮ್ಮ ವಿಶ್ವಾಸಿ
ಫಿಲಿಪ್ಪಾ ಟನರ್ಡ್

---

ಗೂಲ್
೨೯ ಮಾರ್ಚ್ ೨೦೧೨

ಎಮ್ರಿಸ್,

ಇದರ ಜೊತೆ ಟನರ್ಡ್ ಎಂಬ ಹೆಂಗಸು ಬರೆದ ಕಾಗದದ ನಕಲು ಇದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದು. 'ಬೇರೊಬ್ಬ ನೌಕರರ ಕಡತ' ಎನ್ನುವ ಕಡೆ ಮೂರನೆಯ ಸಲ ಓದು.

ಕಡತದಲ್ಲಿ ಏನಿದೆ ಎಂದು ನಾನು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಕೆಲಸ ೨೦೧೨ರ ಕೊನೆಯವರೆಗೂ ಇದೆ ಎಂದು ಸ್ಥಾವರದ ಮ್ಯಾನೇಜರ್ ನನ್ನ ಹತ್ತಿರ ಹೇಳಿದ್ದು ಆ ಅಕ್ಟೋಬರಿನಲ್ಲೇ, ವಾಲ್ವ್ ಮನೆಯ ಹಿಂದೆ, ನಾವಿಬ್ಬರೇ ಇದ್ದಾಗ. ಅದನ್ನು ನಾನು ಬಾರ್ನಿಗೆ ಹೇಳಲಿಲ್ಲ. ಐಲೀನ್‌ಗೂ ಹೇಳಲಿಲ್ಲ. ಒಬ್ಬನಿಗೆ ಹೇಳಿದೆ, ಅವತ್ತು ಸಂಜೆ ಕಾರಿನಲ್ಲಿ, ಊಸ್ ನದಿಯ ಸೇತುವೆ ಹತ್ತುವಾಗ. ನೀನು ತಲೆ ಆಡಿಸಿದೆ. "ಹೂಂ ಕ್ಲಿಫ್, ಹೂಂ" ಅಂದೆ. ಆ ಮಾತು ಕಾರಿನಿಂದ ಡಾಂಕಾಸ್ಟರ್‌ಗೆ ತಾನೇ ನಡೆದುಕೊಂಡು ಹೋಯಿತೇ?

ಇನ್ನೊಂದು ಕೇಳುತ್ತೇನೆ. ನಿನ್ನ ಆ ಕೆಂಪು ನೋಟ್‌ಬುಕ್. ಒಂದು ವಾರ ನಿನ್ನ ಕಾರು, ಒಂದು ವಾರ ನನ್ನದು, ಓಡಿಸಿದವನು ಮೈಲಿ ಬರೆದುಕೊಳ್ಳಬೇಕು, ಸರಿ. ಆದರೆ ನಾನು ಓಡಿಸಿದ ವಾರದಲ್ಲೂ ನೀನು ಗೇಟಿನ ಹತ್ತಿರ ಇಳಿದು ಬಾನೆಟ್ ಮೇಲೆ ನೋಟ್‌ಬುಕ್ ಇಟ್ಟು ಏನೋ ಗೀಚುತ್ತಿದ್ದೆ. ದಿನಾ ನೋಡಿದ್ದೇನೆ. ಏನು ಬರೆಯುತ್ತಿದ್ದೆ? ಒಂದು ಸಲ ಕೇಳಿದಾಗ "ಹವಾಮಾನ" ಅಂದೆ. ನಾನು ನಕ್ಕುಬಿಟ್ಟೆ. ನಾನು ಎಂಥ ಪೆದ್ದ.

ನಿನ್ನ ದುಡ್ಡು ಮೂರೇ ದಿನದಲ್ಲಿ ಬಂತು. ನನ್ನ ಸಂಬಳ ಪೂರ್ತಿ ಹೋಯಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗೆ ತಾನೇ ಏನು ಅನಿಸಬೇಕು, ನೀನೇ ಹೇಳು. ಅವರಿಗೆ ಏನು ಕೊಟ್ಟೆ ಎಮ್ರಿಸ್, ನಿನ್ನದು ಬೇಗ ಆಗಲಿ ಎಂದು?

ಐಲೀನ್ ಹೊಲಿಗೆ ನಿಲ್ಲಿಸಿದ್ದಾಳೆ.

ಕ್ಲಿಫರ್ಡ್ ರೇಸ್ಟ್ರಿಕ್

---

ಮಿಲ್ಫರ್ಡ್ ಹೇವನ್
೬ ಏಪ್ರಿಲ್ ೨೦೧೨, ಗುಡ್ ಫ್ರೈಡೇ

ಕ್ಲಿಫ್,

ನಿನ್ನ ಪೂರ್ತಿ ಹೆಸರಿನ ಸಹಿ ನಾನು ಇದುವರೆಗೆ ನೋಡಿದ್ದು ಸುರಕ್ಷತೆಯ ಫಾರಂಗಳಲ್ಲಿ ಮಾತ್ರ.

ನಾನು ಯಾರಿಗೂ ಏನೂ ಹೇಳಿಲ್ಲ. ಬರೆದೂ ಇಲ್ಲ.

ಅಕ್ಟೋಬರಿನ ಆ ಸಂಜೆಯದ್ದು ಕೇಳಿದೆ. ಅದು ನಾನು ಓಡಿಸುತ್ತಿದ್ದ ವಾರ. ನಾನು ಓಡಿಸುವಾಗ ನನ್ನ ಎಡಗಿವಿ ನಿನ್ನ ಕಡೆ ಇರುತ್ತದೆ. ಎರಡು ವರ್ಷ, ವಾರ ಬಿಟ್ಟು ವಾರ, ನೀನು ಕಾರಿನಲ್ಲಿ ಆಡಿದ ಮಾತು ಒಂದೂ ನನಗೆ ಕೇಳಿಸಿಲ್ಲ. ನಿನಗೆ ಬೇಜಾರಾಗಬಾರದು ಎಂದು ತಲೆ ಆಡಿಸುತ್ತಿದ್ದೆ. ಕೆಲಸ ೨೦೧೨ರವರೆಗೆ ಇದೆ ಎಂದು ನಿನಗೆ ಗೊತ್ತಿತ್ತು ಎನ್ನುವುದು ನನಗೆ ಗೊತ್ತಾದದ್ದೇ ಈಗ, ನಿನ್ನ ಕಾಗದದಿಂದ.

ನೀನು ಇದನ್ನು ನಂಬುವುದಿಲ್ಲ. ಬರೆಯುವಾಗಲೇ ಗೊತ್ತಾಗುತ್ತಿದೆ.

ನೋಟ್‌ಬುಕ್ ವಿಷಯ ಹೇಳುವುದಿಲ್ಲ. ಮೊದಲು ಕೇಳಿದ್ದರೆ ನಗುತ್ತ ತೋರಿಸುತ್ತಿದ್ದೆ. ಹೀಗೆ ಕೇಳಿದ ಮೇಲೆ ತೋರಿಸಲಾರೆ.

ಎಮ್ರಿಸ್

---

ಗೂಲ್
೨೦ ಏಪ್ರಿಲ್ ೨೦೧೨

ಎಮ್ರಿಸ್ ಪ್ಯೂ ಅವರಿಗೆ,

ಎರಡು ವರ್ಷ ಕೇಳಿಸಿಕೊಳ್ಳದೆ ತಲೆ ಆಡಿಸಿದೆ ಎನ್ನುತ್ತೀಯ. ಹಾಗಿದ್ದರೆ ಅದೂ ಒಂದು ಮೋಸವೇ.

ಮೊನ್ನೆ ಡಾಂಕಾಸ್ಟರ್‌ಗೆ ಹೋಗಿದ್ದೆ. ಟನರ್ಡ್ ಎನ್ನುವವಳಿಗೆ ಮೂವತ್ತು ವಯಸ್ಸಿರಬಹುದು, ಮೇಜಿನ ಮೇಲೆ ಪುದೀನ ಮಿಠಾಯಿಯ ಡಬ್ಬ. ನನಗೂ ಒಂದು ಕೊಟ್ಟಳು. "ತೋರ್ಸೋಕಾಗಲ್ಲ ಸರ್, ನನ್ನ ಕೆಲ್ಸ ಹೋಗತ್ತೆ" ಅಂದಳು. ನಾನು ಅಲ್ಲಾಡಲಿಲ್ಲ. "ಯಾರ ಕಡತ ಅಂತನಾದ್ರೂ ಹೇಳಮ್ಮ, ನಾನು ಯಾರ್ನ ಬಯ್ಬೇಕು ಅಂತ ಗೊತ್ತಾಗ್ಲಿ" ಅಂದೆ. ಅವಳು ಡಬ್ಬದ ಮುಚ್ಚಳ ಹಾಕಿ, "ಬಯ್ಯೋದು ಇದ್ದೇ ಇರತ್ತೆ ಸರ್. ಮೊದ್ಲು ನೀವೇ ಸ್ವಲ್ಪ ನೆನಪು ಮಾಡ್ಕೊಳ್ಳಿ" ಅಂದಳು. ಏನು ನೆನಪು ಮಾಡಿಕೊಳ್ಳಲಿ? ನೆನಪು ಮಾಡಿಕೊಂಡಷ್ಟೂ ಬಾನೆಟ್ ಮೇಲಿನ ನಿನ್ನ ನೋಟ್‌ಬುಕ್ಕೇ ಕಾಣುತ್ತದೆ.

ಐಲೀನ್ ನಿನ್ನ ಪರ ಮಾತಾಡುತ್ತಾಳೆ. "ಎಮ್ರಿಸ್ ಅಂಥೋನಲ್ಲ ರೀ, ಅವನಿಗೆ ಸುಳ್ಳು ಹೇಳೋಕೆ ಬಂದಿದ್ರೆ ಡಿಲಿಸ್ ಜೊತೆ ಇನ್ನೂ ಇರ್ತಿದ್ದ" ಎನ್ನುತ್ತಾಳೆ. ಅವಳಿಗೆ ನಿನ್ನನ್ನು ಕಂಡರೆ ಮೊದಲಿಂದಲೂ ಮರುಕ.

ನನ್ನ ಕಾರಿನ ಡಿಕ್ಕಿಯಲ್ಲಿದ್ದ ನಿನ್ನ ಫ್ಲಾಸ್ಕು, ಚೆಕ್ಸ್ ಕಂಬಳಿ, ಒಂದು ಕೈಗವಸು ಪಾರ್ಸೆಲ್ ಮಾಡಿದ್ದೇನೆ. ಇನ್ನೊಂದು ಕೈಗವಸು ನನ್ನ ಹತ್ತಿರ ಇಲ್ಲ. ಇನ್ನು ನಿನ್ನದೆನ್ನುವುದು ಇಲ್ಲಿ ಏನೂ ಉಳಿದಿಲ್ಲ.

ಕ್ಲಿಫರ್ಡ್ ರೇಸ್ಟ್ರಿಕ್

---

ಗೂಲ್
೨೦ ಏಪ್ರಿಲ್ ೨೦೧೨

ಮಾನ್ಯ ಮಿಸ್ ಟನರ್ಡ್ ಅವರಿಗೆ,

ಇದು ನನ್ನ ಆಕ್ಷೇಪಣೆ. ನನ್ನ ಬಗ್ಗೆ ಯಾರೋ ಕೊಟ್ಟ ದಾಖಲೆಯನ್ನು ನೀವು ಅಷ್ಟು ಸುಲಭವಾಗಿ ನಂಬಿದಿರಿ. ಅದನ್ನು ನನಗೆ ತೋರಿಸಬೇಕೆಂದು ಕೇಳುತ್ತಿದ್ದೇನೆ. ಆ ಮನುಷ್ಯನ ಒಪ್ಪಿಗೆ ಬೇಕಿದ್ದರೆ ಕೇಳಿ, ಕೊಡುವ ಧೈರ್ಯ ಅವನಿಗೆ ಇದೆಯೋ ನೋಡೋಣ.

ಜೊತೆಗೆ, ಕೊಟ್ಟವರ ಕಡತವನ್ನೂ ಅಷ್ಟೇ ಕಣ್ಣಿಟ್ಟು ನೋಡಬೇಕೆಂದು ಕೋರುತ್ತೇನೆ. ಈ ವರ್ಷದ ಜನವರಿಯಲ್ಲಿ ಶ್ರೀ ಎಮ್ರಿಸ್ ಪ್ಯೂ ಅವರ ಕಾರಿನ ಕ್ಲಚ್ ಕೆಟ್ಟು ಮೂರು ವಾರ ಗ್ಯಾರೇಜಿನಲ್ಲಿತ್ತು. ಆ ಮೂರು ವಾರವೂ ಓಡಿಸಿದವನು ನಾನು. ಆ ಮೂರು ವಾರಕ್ಕೆ ಅವರು ಎಷ್ಟು ಮೈಲಿ ಬರೆದುಕೊಂಡಿದ್ದಾರೆ, ದಯವಿಟ್ಟು ಪರಿಶೀಲಿಸಿ. ಅವರ ಬಳಿ ಒಂದು ಕೆಂಪು ನೋಟ್‌ಬುಕ್ ಇದೆ, ಅದನ್ನು ತರಿಸಿಕೊಳ್ಳಿ.

ಇದನ್ನು ತಿಳಿಸಿದವರು ಯಾರೆಂದು ಅವರಿಗೆ ಹೇಳುವ ಅಗತ್ಯವಿಲ್ಲ.

ತಮ್ಮ ವಿಶ್ವಾಸಿ
ಸಿ. ರೇಸ್ಟ್ರಿಕ್

---

ಕ್ವೇಲ್‌ಬೆಕ್ ಸರ್ವಿಸಸ್, ಡಾಂಕಾಸ್ಟರ್
೧೦ ಮೇ ೨೦೧೨

ಮಾನ್ಯ ಶ್ರೀ ರೇಸ್ಟ್ರಿಕ್ ಅವರಿಗೆ,

ತಮ್ಮ ಆಕ್ಷೇಪಣೆಯ ಪರಿಶೀಲನೆ ಮುಗಿದಿದೆ.

ಶ್ರೀ ಪ್ಯೂ ಅವರು ಆ ಕೆಂಪು ನೋಟ್‌ಬುಕ್ ಅನ್ನು ಕೇಳಿದ ಕೂಡಲೇ ಕಳಿಸಿದರು. ತಾವು ಸೂಚಿಸಿದ ಮೂರು ವಾರಗಳಿಗೆ ಅವರು ಒಂದು ಮೈಲಿಯನ್ನೂ ಬರೆದುಕೊಂಡಿಲ್ಲ. ಆ ವಾರಗಳಲ್ಲಿ, ಹಾಗೂ ತಾವು ಕಾರು ಓಡಿಸಿದ ಪ್ರತಿಯೊಂದು ವಾರದಲ್ಲೂ, ಆ ಕಾರಿನ ಮೀಟರ್ ಓದಿಕೊಂಡು 'ಕ್ಲಿಫ್‌ನದು, ಅವನು ಬರೆದಿಡುವುದಿಲ್ಲ' ಎಂದು ಗುರುತು ಮಾಡಿದ್ದಾರೆ. ತಾವು ಕ್ಯಾಲೆಂಡರ್ ನೋಡಿ ಸಲ್ಲಿಸಿದ ಮೈಲಿಗಳು ನಮಗೆ ನಂಬಲರ್ಹವಾಗಿ ಕಂಡಿರಲಿಲ್ಲ. ಈಗ ಅವುಗಳಿಗೆ ಆಧಾರವಿರುವುದು ಈ ನೋಟ್‌ಬುಕ್ ಒಂದೇ.

ದಾಖಲೆಯನ್ನು ತಮಗೆ ತೋರಿಸಲು ಶ್ರೀ ಪ್ಯೂ ಬರವಣಿಗೆಯಲ್ಲಿ ಒಪ್ಪಿದ್ದಾರೆ. ಅದು ಅವರ ವಿಳಾಸದ ದಾಖಲೆಯಾಗಿ ಬಂದ ಬಾಡಿಗೆ ಕರಾರಿನ ಹಿಂದೆ ಪಿನ್ ಹಾಕಿದ್ದ ಹಾಳೆ. ನಕಲನ್ನು ಲಗತ್ತಿಸಿದೆ. ಅಕ್ಷರ ತಮ್ಮದೇ ಎಂದು ನಾವು ಭಾವಿಸಿದ್ದೇವೆ. ಅದು ತೋರಿಸುವುದು ತಮ್ಮ ನಿರೀಕ್ಷೆಯನ್ನು ಮಾತ್ರ, ಶ್ರೀ ಪ್ಯೂ ಅವರಿಗೂ ಅದು ತಿಳಿದಿತ್ತು ಎನ್ನಲು ಆಧಾರವಿಲ್ಲ.

ಆ ಪತ್ರದ ಒಕ್ಕಣೆ ಬರೆಯುವಾಗ ನಿಜವಾಗಿರಲಿಲ್ಲ, ಕೇವಲ ಮನೆ ಕೊಡಿಸುವ ಸಲುವಾಗಿ ಬರೆದದ್ದು ಎಂದು ತಾವು ಘೋಷಿಸಿದರೆ ತಮಗೆ ಆ ನಿರೀಕ್ಷೆ ಇರಲಿಲ್ಲವೆಂದು ಪರಿಗಣಿಸಿ ಪೂರ್ತಿ ಮೊತ್ತವನ್ನೂ ಸಂಬಳವನ್ನೂ ಬಿಡುಗಡೆ ಮಾಡಲಾಗುವುದು. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಫಾರಂ ಜೊತೆಗಿದೆ, ಸಹಿ ಮಾಡಿದರೆ ಸಾಕು.

ತಮ್ಮ ವಿಶ್ವಾಸಿ
ಫಿಲಿಪ್ಪಾ ಟನರ್ಡ್

ಲಗತ್ತು:

ಗೂಲ್, ೧೪ ಅಕ್ಟೋಬರ್ ೨೦೧೦

ಹೌಡನ್‌ನ ಮನೆ ಏಜೆಂಟರಿಗೆ,

ಎಮ್ರಿಸ್ ಪ್ಯೂಗೆ ಬಾಡಿಗೆ ಮನೆ ಕೊಡಲು ಯಾರಾದರೂ ಜಾಮೀನು ನಿಲ್ಲಬೇಕು ಎಂದಿರಿ. ನಾನು ನಿಲ್ಲುತ್ತೇನೆ. ಅವನನ್ನು ಹದಿನೇಳು ವರ್ಷದಿಂದ ಬಲ್ಲೆ. ಅವನು ಸುಳ್ಳು ಹೇಳಿದ್ದನ್ನು ಕೇಳಿಲ್ಲ, ಒಬ್ಬರದು ಒಂದು ಪೈಸೆ ಇಟ್ಟುಕೊಂಡದ್ದನ್ನು ನೋಡಿಲ್ಲ. ಹೆಂಡತಿ ಹೊರಗೆ ಹಾಕಿದ್ದಾಳೆ ಎಂದು ನೀವು ಹಿಂಜರಿಯುವುದು ಗೊತ್ತು. ತಪ್ಪು ಅವನದಲ್ಲ. ನನ್ನ ಮನೆಯ ಬೀಗದ ಕೈಯನ್ನು ಕೊಡುವುದಾದರೆ ನಾನು ಕೊಡುವುದು ಅವನಿಗೇ.

ಬಾಡಿಗೆ ಕಟ್ಟಲು ಕೆಲಸ ಎಷ್ಟು ದಿನ ಇರುತ್ತದೆ ಎಂದು ಕೇಳಿದಿರಿ. ೨೦೧೨ರ ಕೊನೆಯವರೆಗೂ ಇದೆ, ಮ್ಯಾನೇಜರ್ ನನಗೆ ಖುದ್ದಾಗಿ ಹೇಳಿದ್ದಾರೆ. ಅವನೂ ಇರುತ್ತಾನೆ, ನಾನೂ ಇರುತ್ತೇನೆ. ಅವನು ಕೊಡದಿದ್ದರೆ ನಾನು ಕೊಡುತ್ತೇನೆ. ಆದರೆ ಅವನು ಕೊಡುತ್ತಾನೆ.

ಕ್ಲಿಫರ್ಡ್ ರೇಸ್ಟ್ರಿಕ್

---

ಮಿಲ್ಫರ್ಡ್ ಹೇವನ್
೧೨ ಮೇ ೨೦೧೨

ಪ್ರೀತಿಯ ಕ್ಲಿಫ್,

ಇಷ್ಟು ಹೊತ್ತಿಗೆ ಆ ಹಾಳೆ ನಿನ್ನ ಕೈ ಸೇರಿರುತ್ತದೆ. ನಾನು ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಅನುಮಾನ ಸರಿಯಾಗಿಯೇ ಇತ್ತು. ಕಳಿಸಿದವನು ನಾನೇ. ಕಂದು ಲಕೋಟೆ ಬಿಚ್ಚಿ ನೋಡದೆ ಅಂಚೆಗೆ ಹಾಕಿದ ನನ್ನ ಸೋಮಾರಿತನಕ್ಕೆ ನಿನ್ನ ಕ್ಯಾರವಾನ್ ಹೋಯಿತು. ಏಪ್ರಿಲಿನಲ್ಲಿ 'ಯಾರಿಗೂ ಏನೂ ಹೇಳಿಲ್ಲ, ಬರೆದೂ ಇಲ್ಲ' ಎಂದು ಎದೆ ತಟ್ಟಿಕೊಂಡು ಬರೆದೆನಲ್ಲ, ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ನೀನು ನನಗೆ ಜಾಮೀನು ನಿಂತದ್ದು ಗೊತ್ತಿತ್ತು. ಏನು ಬರೆದೆ ಎಂದು ಗೊತ್ತಿರಲಿಲ್ಲ. ಒಪ್ಪಿಗೆ ಕೇಳಲು ಕಂಪನಿಯವರು ನಕಲು ಕಳಿಸಿದಾಗ ಮೊದಲ ಸಲ ಓದಿದೆ. ಮಿಸೆಸ್ ಹ್ಯಾವರ್ಡ್‌ಳ ಮೆಟ್ಟಿಲ ಮೇಲೆ ಕೂತು ಓದಿದೆ. ಇಷ್ಟು ವರ್ಷದಲ್ಲಿ ನೀನು ನನ್ನ ಮುಖಕ್ಕೆ ಒಂದು ಒಳ್ಳೆಯ ಮಾತು ಆಡಿದವನಲ್ಲ. ಅಥವಾ ಆಡಿದ್ದೆಯೋ ಏನೋ, ನಾನು ಓಡಿಸುವ ವಾರಗಳಲ್ಲಿ.

ಈಗ ನನ್ನ ಮಾತು ಕೇಳು. ಆ ಹೆಂಗಸು ನಿನಗೆ ಒಂದು ಫಾರಂ ಕಳಿಸಿರುತ್ತಾಳೆ. ಸಹಿ ಮಾಡು. ಪತ್ರದಲ್ಲಿದ್ದದ್ದೆಲ್ಲ ಸುಳ್ಳು, ಒಬ್ಬ ಅಬ್ಬೇಪಾರಿ ಗೆಳೆಯನಿಗೆ ಮನೆ ಕೊಡಿಸಲು ಬರೆದದ್ದು ಎಂದು ಹಾಕು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆ ಬಿಟ್ಟೂ ಆಯಿತು, ಬಾಡಿಗೆ ಒಂದು ತಿಂಗಳೂ ತಪ್ಪಿಸಲಿಲ್ಲ. ಆ ಕಾಗದದ ಕೆಲಸ ಮುಗಿದಿದೆ. ಐಲೀನ್ ಕರ್ಟನ್ ಮುಗಿಸಲಿ.

ಇನ್ನೊಂದು ವಿಷಯ, ನಿನಗೆ ತಿಳಿದಿರಲಿ. ಯಾರೋ ನನ್ನ ಮೇಲೆ ಕಂಪನಿಗೆ ಚಾಡಿ ಬರೆದಿದ್ದಾರೆ, ಜನವರಿಯ ಕ್ಲಚ್ ಕೆಟ್ಟ ಮೂರು ವಾರದ್ದು ನೋಡಿ ಎಂದು. ನೋಟ್‌ಬುಕ್ ಇದ್ದದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ಇಲ್ಲಿಯ ಕೆಲಸವೂ ಹೋಗುತ್ತಿತ್ತು. ಯಾರೆಂದು ಬಹಳ ಯೋಚಿಸಿದೆ. ಕ್ಲಚ್ ವಿಷಯ ಗೊತ್ತಿದ್ದವನು, ಸ್ಟೋರಿನ ಕಿಟಕಿಯಿಂದ ನಾವು ದಿನಾ ಬರುವುದನ್ನು ನೋಡುತ್ತಿದ್ದವನು ಬಾರ್ನಿ ಒಬ್ಬನೇ. ನಿನ್ನೆ ಅವನಿಗೆ ನಾಲ್ಕು ಸಾಲು ಬರೆದು ಹಾಕಿದೆ, ಜನ್ಮದಲ್ಲಿ ಇನ್ನು ಮುಖ ತೋರಿಸಬೇಡ ಎಂದು. ನಿನ್ನಂಥ ಒಬ್ಬ, ಅವನಂಥ ಒಬ್ಬ, ಒಂದೇ ಕ್ಯಾಬಿನ್ನಿನಲ್ಲಿ ಹೇಗಿದ್ದಿರೋ.

ಫ್ಲಾಸ್ಕು ತಲುಪಿತು. ಇನ್ನೊಂದು ಕೈಗವಸು ನನ್ನ ಕೋಟಿನ ಜೇಬಿನಲ್ಲೇ ಇತ್ತು.

ನಿನ್ನ
ಎಮ್ರಿಸ್

---

ಗೂಲ್
೧೬ ಮೇ ೨೦೧೨

ಮಾನ್ಯ ಮಿಸ್ ಟನರ್ಡ್ ಅವರಿಗೆ,

ನೀವು ಕಳಿಸಿದ ಫಾರಂ ಅನ್ನು ಸಹಿ ಮಾಡದೆ ಹಿಂದಿರುಗಿಸುತ್ತಿದ್ದೇನೆ.

ಅಕ್ಷರ ನನ್ನದೇ. ಬರೆದದ್ದನ್ನು ಪೂರ್ತಿ ಮರೆತಿದ್ದೆ. ನೀವು ನೆನಪು ಮಾಡಿಕೊಳ್ಳಿ ಎಂದಾಗಲೂ ನೆನಪಾಗಲಿಲ್ಲ, ಯಾಕೆಂದರೆ ಆಗ ನಾನು ಬೇರೆಯವರ ತಪ್ಪನ್ನು ಹುಡುಕುತ್ತಿದ್ದೆ. ಪತ್ರ ನಕಲಾಗಿ ಬಂದ ದಿನ ನನ್ನ ಹೆಂಡತಿ ಅದನ್ನು ಓದಿ, "ನನ್ನ ಬಗ್ಗೆ ಯಾವತ್ತಾದ್ರೂ ಇಷ್ಟು ಚೆನ್ನಾಗಿ ಬರ್ದಿದೀರಾ?" ಎಂದು ಕೇಳಿದಳು. ನಾನು ಪೆನ್ನು ತೆಗೆದು ಫಾರಂ ಮುಂದೆ ಕೂತಾಗ ಟೀ ಇಟ್ಟು ಹೋದಳು. ಹೊಲಿದಷ್ಟು ಕರ್ಟನ್ ಮಡಿಸಿ ಕಪಾಟಿನಲ್ಲಿ ಇಟ್ಟ ಸದ್ದು ಕೇಳಿತು.

ನಿಮ್ಮ ಫಾರಂನಲ್ಲಿ ಪತ್ರದ ಒಕ್ಕಣೆ ನಿಜವಲ್ಲ ಎಂದಿದೆ. ಯಾವ ಸಾಲು ನಿಜ, ಯಾವುದು ಅಲ್ಲ ಎಂದು ಬೇರೆ ಬೇರೆ ಬರೆಯಲು ಜಾಗವಿಲ್ಲ. ಕೆಲಸ ೨೦೧೨ರ ಕೊನೆಯವರೆಗೆ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಎರಡು ವರ್ಷ ನಟಿಸಿದೆ, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ. ಎಮ್ರಿಸ್ ಪ್ಯೂ ಬಗ್ಗೆ ಬರೆದದ್ದೂ ಅಷ್ಟೇ ನಿಜ. ಏಪ್ರಿಲ್ ಇಪ್ಪತ್ತರಂದು ನಿಮಗೆ ಅವನ ಬಗ್ಗೆ ಬರೆದದ್ದು ಮಾತ್ರ ನಾಚಿಕೆಗೇಡು. ಅದನ್ನು ಕಡತದಿಂದ ತೆಗೆಯಬೇಕಿಲ್ಲ, ಇರಲಿ. ಆದರೆ ಅದರ ಪಕ್ಕದಲ್ಲಿ ಇದನ್ನೂ ಇಡಿ.

ದುಡ್ಡು ಹಿಡಿದುಕೊಳ್ಳಿ.

ತಮ್ಮ ವಿಶ್ವಾಸಿ
ಕ್ಲಿಫರ್ಡ್ ರೇಸ್ಟ್ರಿಕ್

(ಕೆಳಗೆ, ಎಮ್ರಿಸ್ ಪ್ಯೂಗೆ ಕಳಿಸಿದ ಪ್ರತಿಯಲ್ಲಿ ಮಾತ್ರ, ಕೈಬರಹದಲ್ಲಿ:)

ಎಮ್ರಿಸ್,

ಸಹಿ ಮಾಡು ಎಂದು ನೀನೇ ಬರೆದೆ. ಮಾಡಲಿಲ್ಲ. ಅದಕ್ಕೆ ನನ್ನನ್ನು ದೊಡ್ಡವನನ್ನಾಗಿ ಮಾಡಬೇಡ, ಮುಂದಿನ ಸಾಲು ಓದುವವರೆಗೆ ತಡೆ.

ಬಾರ್ನಿಗೆ ಇವತ್ತೇ ಇನ್ನೊಂದು ಕಾಗದ ಬರೆದು ಕ್ಷಮೆ ಕೇಳು. ಚಾಡಿ ಬರೆದವನು ಅವನಲ್ಲ. ನಾನು. ನಿನ್ನ ಫ್ಲಾಸ್ಕು ಪಾರ್ಸೆಲ್ ಮಾಡಿದ ದಿನವೇ, ಅದೇ ಮೇಜಿನ ಮೇಲೆ ಬರೆದೆ. ಎರಡನ್ನೂ ಒಂದೇ ಸಲ ಅಂಚೆಗೆ ಹಾಕಿದೆ.

ಈ ಮಾತನ್ನು ಕಾರಿನಲ್ಲಿ ಹೇಳಬಹುದಿತ್ತು, ನೀನು ಓಡಿಸುವಾಗ, ಎಡಗಿವಿಯ ಕಡೆ ಕೂತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಕ್ಲಿಫ್